ಮೂರನೆಯ ಕೇಳಿಕೆಗೆ ಒಂದು ನಾಯಿ

ಕಳೆದ ನವೆಂಬರಿನಲ್ಲಿ ನನ್ನ ಗಂಡ ಓತೆಗೆನ್ ಒಂದು ಬಾತಿಗೋಸ್ಕರ ಪ್ರಾಣ ಬಿಡಲು ಹೊರಟಿದ್ದ. ಹೊಡೆದ ಬಾತು ಜೊಂಡಿನಾಚೆ ಬಿತ್ತು, ತರಲು ನಾಯಿ ಇರಲಿಲ್ಲ, ದಡದ ತೆಳು ಮಂಜುಗಡ್ಡೆ ಒಡೆದುಕೊಂಡು ಇವನೇ ಎದೆಮಟ್ಟದ ನೀರಿಗೆ ಇಳಿದ. ಬಾತು ಸಿಕ್ಕಿತು. ಜೊತೆಗೆ ನ್ಯುಮೋನಿಯಾವೂ ಸಿಕ್ಕಿತು. ಇಪ್ಪತ್ತಮೂರು ದಿನ ಆಸ್ಪತ್ರೆಯಲ್ಲಿ ಮಲಗಿದ್ದ. ಮನೆಗೆ ಕಳಿಸುವಾಗ ಡಾಕ್ಟರಮ್ಮ ಅವನನ್ನು ಬಿಟ್ಟು ನನ್ನ ಮುಖ ನೋಡಿ ಹೇಳಿದಳು: "ಇನ್ನೊಂದ್ಸಲ ತಣ್ಣೀರಿಗೆ ಇಳಿದ್ರೆ ನನ್ನ ಹತ್ರ ಕರ್ಕೊಂಡು ಬರಬೇಡಿ. ಆ ಶ್ವಾಸಕೋಶ ಇನ್ನೊಂದ್ಸಲ ತಡ್ಕೊಳ್ಳಲ್ಲ."

ಬೇಟೆ ಬಿಡು ಅಂದರೆ ಬಿಡುವ ಗಂಡಸಲ್ಲ ಅವನು. ಬಲ್ಖಾಶ್ ಸರೋವರದ ದಕ್ಷಿಣಕ್ಕೆ, ನದಿ ನೂರು ಕವಲಾಗಿ ಜೊಂಡಿನಲ್ಲಿ ಕಳೆದುಹೋಗುವ ಕಡೆ ಹುಟ್ಟಿ ಬೆಳೆದವನು. ಬಾತುಗಳ ಹಿಂಡು ಮನೆಯ ಮೇಲೆ ಹಾದುಹೋದರೆ ತಟ್ಟೆಯ ಮುಂದಿನಿಂದ ಎದ್ದು ಅಂಗಳಕ್ಕೆ ಓಡುತ್ತಾನೆ. ನಾವಿಬ್ಬರೂ ಒಂದೇ ತರಗತಿಯಲ್ಲಿ ಓದಿದವರು, ಹಾಗಾಗಿ ಅವನು ಇವನು ಅನ್ನುತ್ತೇನೆ, ಯಾರೂ ತಪ್ಪು ತಿಳಿಯಬಾರದು. ಆಸ್ಪತ್ರೆಯಿಂದ ಬಂದ ದಿನವೇ ನಾನು ಬಂದೂಕಿನ ತೋಟಾಗಳ ಡಬ್ಬಿಯನ್ನು ಹಿಟ್ಟಿನ ಮೂಟೆಯೊಳಗೆ ಹುದುಗಿಸಿಟ್ಟು ಹೇಳಿದೆ:

"ನೀರಿಗೆ ಇಳಿಯೋ ನಾಯಿ ಈ ಮನೆಗೆ ಬರಲಿ. ಆಮೇಲೆ ತೋಟಾ ಹೊರಗೆ ಬರುತ್ತೆ."

"ನಾಯಿ ಇದೆಯಲ್ಲೇ ರಿಸ್ತಿ," ಅಂದ.

ಇದ್ದದ್ದು ನಿಜ. ತಾಜಿ ಜಾತಿಯದು, ನಮ್ಮ ಹುಲ್ಲುಗಾವಲಿನ ಬೇಟೆನಾಯಿ. ಉದ್ದ ಕಾಲು, ಬಳುಕುವ ಸೊಂಟ, ಮೊಲದ ಹಿಂದೆ ಬಿಟ್ಟರೆ ಧೂಳು ಮಾತ್ರ ಕಾಣುತ್ತದೆ. ಚರ್ಮ ಮಾತ್ರ ನನ್ನ ತಲೆವಸ್ತ್ರದಷ್ಟು ತೆಳು. ಸೆಪ್ಟೆಂಬರ್ ಬಂತೆಂದರೆ ಒಲೆಯ ಹತ್ತಿರ ನನಗೆ ಜಾಗ ಬಿಡುವುದಿಲ್ಲ. ಇದಕ್ಕೆ ಓತೆಗೆನ್ ಇಟ್ಟ ಹೆಸರು ಕುಮಾಯ್.

ಆ ಹೆಸರಿಗೊಂದು ಕಥೆ ಇದೆ. ಎಷ್ಟೋ ವರ್ಷಕ್ಕೊಮ್ಮೆ ಚಕ್ರವಾಕ ಅನ್ನುವ ಕಿತ್ತಳೆ ಬಣ್ಣದ ಬಾತಿನ ಗೂಡಿನಲ್ಲಿ ಒಂದು ಮೊಟ್ಟೆಯಿಂದ ಹಕ್ಕಿಮರಿಯ ಬದಲು ನಾಯಿಮರಿ ಹೊರಬರುತ್ತದಂತೆ. ಅದೇ ಕುಮಾಯ್, ತಾಜಿಗಳ ರಾಜ. ಅದರ ಕೈಯಿಂದ ಯಾವ ಮೃಗವೂ ತಪ್ಪಿಸಿಕೊಂಡದ್ದಿಲ್ಲವಂತೆ. ಚಕ್ರವಾಕಕ್ಕೆ ನಾವು ಇತಲಾಕಾಜ್ ಅನ್ನುತ್ತೇವೆ, ಇತ್ ಅಂದರೆ ನಾಯಿ, ಹಕ್ಕಿಯ ಹೆಸರಿನಲ್ಲೇ ನಾಯಿ ಸೇರಿಕೊಂಡಿದೆ. ನನ್ನ ಗಂಡನ ತಾಯಿಯ ಕಡೆಯವರು ಏನು ಬೇಕಾದರೂ ಹೊಡೆದಾರು, ಚಕ್ರವಾಕದ ಮೇಲೆ ಬಂದೂಕು ಎತ್ತುವುದಿಲ್ಲ. ಓತೆಗೆನ್‌ಗೂ ಅದೇ ಪಾಠ.

ಪಾಠದ ಜೊತೆ ಇವನದೊಂದು ತರ್ಕವೂ ಸೇರಿಕೊಂಡಿತ್ತು.

"ನೀನೇ ಯೋಚನೆ ಮಾಡೇ. ಬಾತಿನ ಮೊಟ್ಟೆಯಿಂದ ಬಂದ ಕುಲ ನೀರಿಗೆ ಹೆದರುತ್ತಾ?"

"ಆ ಮೊಟ್ಟೆ ಇಟ್ಟ ಹಕ್ಕಿ ಹೆದರಲ್ಲ. ನಿನ್ನ ನಾಯಿ ಹೆದರುತ್ತೆ."

"ಅವಕಾಶ ಕೊಟ್ಟರಲ್ವಾ ಗೊತ್ತಾಗೋದು?"

ಸೆಪ್ಟೆಂಬರಿನಲ್ಲಿ ಎರಡೇ ಎರಡು ತೋಟಾ ಎಣಿಸಿ ಕೊಟ್ಟೆ. ನಾನೂ ಜೊತೆಗೆ ಹೋದೆ, ಇವನು ನೀರಿಗಿಳಿದರೆ ಅಂಗಿ ಹಿಡಿದು ಎಳೆಯೋಣ ಅಂತ. ಮೊದಲ ಗುಂಡಿಗೇ ಒಂದು ಬಾತು ನೀರಿಗೆ ಬಿತ್ತು, ದಡದಿಂದ ಇಪ್ಪತ್ತು ಮಾರು ದೂರ. "ಹೋಗು ಕುಮಾಯ್!" ಅಂದ. ಕುಮಾಯ್ ದಡದ ತನಕ ಗಂಭೀರವಾಗಿ ನಡೆಯಿತು. ಒಂದು ಕಾಲನ್ನು ನೀರಿನಲ್ಲಿ ಅದ್ದಿತು, ತೆಗೆಯಿತು, ಕೊಡವಿತು. ಆಮೇಲೆ ತಿರುಗಿ ಇವನ ಮುಖ ನೋಡಿತು, ಹೊಡೆದವನು ನೀನು, ನೀನೇ ಹೋಗು ಅನ್ನುವ ಹಾಗೆ. ನಾನು ನಕ್ಕು ನಕ್ಕು ಜೊಂಡಿನ ಮೇಲೆ ಕೂತುಬಿಟ್ಟೆ. ಬಾತು ಗಾಳಿಗೆ ತೇಲಿಕೊಂಡು ಹೋಯಿತು. ಓತೆಗೆನ್ ಇಂಗು ತಿಂದ ಮಂಗನ ಹಾಗೆ ನಿಂತಿದ್ದ.

ನಾಯಿಯ ಹುಡುಕಾಟ ಶುರುವಾದದ್ದು ಅವತ್ತಿನಿಂದ. ಪಶುವೈದ್ಯೆ ರಾಯಿಸಾ ತನ್ನ ಸ್ಪೇನಿಯಲ್ ನಾಯಿಯನ್ನು ಒಂದು ವಾರ ಬಿಟ್ಟುಹೋದಳು. ಚಿಕ್ಕದು, ಚೂಟಿ, ಜೊಂಡಿನೊಳಗೆ ನುಗ್ಗಿ ಬಾತುಗಳನ್ನು ಎಬ್ಬಿಸುವುದರಲ್ಲಿ ಅದಕ್ಕೆ ಸಾಟಿ ಇಲ್ಲ. ಆದರೆ ಹೆಬ್ಬಾತು ಬಿದ್ದರೆ ಎಳೆಯಲಾರದು. ನವೆಂಬರಿನಲ್ಲಿ ಮಂಜುಗಡ್ಡೆಯ ಅಂಚು ಅದರ ಎದೆ ಕೊಯ್ಯುತ್ತದೆ ಅಂತ ರಾಯಿಸಾಳೇ ಹೇಳಿದಳು. ಸಂಜೆಗೆ ಅದರ ಕಿವಿಯಿಂದ ಮುಳ್ಳುಕಾಯಿ ಬಿಡಿಸಿ ಬಿಡಿಸಿ ನನ್ನ ಉಗುರು ಹೋಯಿತು. ಅಲ್ಮಾಟಿ ನಗರದಿಂದ ನನ್ನ ತಮ್ಮ ಬೈಮುರಾತ್ ಫೋನಿನಲ್ಲಿ ಲ್ಯಾಬ್ರಡಾರ್ ಮರಿಯ ಚಿತ್ರ ಕಳಿಸಿದ.

"ಈ ಮುಖ ನೋಡೇ," ಅಂದ ಓತೆಗೆನ್. "ಕಳ್ಳ ಬಂದ್ರೆ ಇದು ಟೋಪಿ ತಗೊಂಡು, ಕೂರಿಸಿ ಚಹಾ ಕೊಡುತ್ತೆ."

"ಕಳ್ಳ ಯಾಕೆ ಬರ್ತಾನೆ? ನಿನ್ನ ಹರಿದ ಬೂಟು ಕದಿಯೋಕಾ?"

"ಮರಿ ಕಣೇ ಇದು. ಕಲಿಸೋಕೆ ಎರಡು ವರ್ಷ ಬೇಕು. ಎರಡು ವರ್ಷ ನಾನೇನು ಮಾಡ್ಲಿ, ಹಿಟ್ಟಿನ ಮೂಟೆ ಕಾಯ್ಲಾ?"

ಅಲ್ಲಿಗೆ ನನಗೆ ಭಯ ಹತ್ತಿತು. ಬೈದರೂ, ಬಚ್ಚಿಟ್ಟರೂ, ಇವನು ಸುಮ್ಮನಿರುವವನಲ್ಲ. ಎಲ್ಲಿಂದಲೋ ನಾಲ್ಕು ತೋಟಾ ತಂದು ಒಬ್ಬನೇ ಹೋಗುತ್ತಾನೆ, ಬಾತು ಬೀಳುತ್ತದೆ, ಇಳಿಯುತ್ತಾನೆ. ಹಿಮ ಬೀಳುವುದರೊಳಗೆ ಕಲಿತ ನಾಯಿ ಬೇಕು. ಅಂಥದ್ದು ನಮಗೆ ಗೊತ್ತಿದ್ದ ಕಡೆ ಒಂದೇ ಇತ್ತು: ಓತೆಗೆನ್‌ನ ಸೋದರಮಾವನ ಮನೆಯಲ್ಲಿ.

ಅವರ ಹೆಸರನ್ನು ನಾನು ಹೇಳುವಂತಿಲ್ಲ. ಸೊಸೆಯಾಗಿ ಬಂದವಳು ಗಂಡನ ಕಡೆಯ ಹಿರಿಯರ ಹೆಸರು ಬಾಯಿಗೆ ತರಬಾರದು, ಅದು ನಮ್ಮಲ್ಲಿನ ಪದ್ಧತಿ. ನಾನು ದೊಡ್ಡಮಾವ ಅನ್ನುತ್ತೇನೆ. ಎಪ್ಪತ್ತೊಂಬತ್ತು ವರ್ಷ. ಅವರ ನಾಯಿಯ ಹೆಸರು ಸಕಾಲ್, ಅಂದರೆ ಗಡ್ಡ. ಒರಟು ಕೂದಲಿನ ಜರ್ಮನ್ ಜಾತಿ, ಮುಖದ ತುಂಬ ಗಡ್ಡ ಮೀಸೆ, ನೋಡಲು ಹಳೆಯ ನೆಲ ಒರೆಸುವ ಬಟ್ಟೆ. ಆದರೆ ಆ ಕೂದಲಿನೊಳಗೆ ನೀರು ಇಳಿಯುವುದಿಲ್ಲ, ಮಂಜುಗಡ್ಡೆಯನ್ನು ಎದೆಯಿಂದ ಒಡೆದುಕೊಂಡು ಹೋಗುತ್ತದೆ, ಹೆಬ್ಬಾತನ್ನಾದರೂ ಕಚ್ಚಿ ತರುತ್ತದೆ, ಒಂದು ಗರಿ ಮುರಿಯುವುದಿಲ್ಲ. ಜಿಲ್ಲೆಯ ದೊಡ್ಡ ದೊಡ್ಡವರು ಬಂದು ಕೇಳಿದ್ದರು. ದೊಡ್ಡಮಾವ ಯಾರಿಗೂ ಕೊಟ್ಟಿರಲಿಲ್ಲ.

ಓತೆಗೆನ್‌ಗೆ ಮಾತ್ರ ಇಲ್ಲ ಅನ್ನುವಂತಿರಲಿಲ್ಲ. ಸೋದರಳಿಯನಿಗೆ ತಾಯಿಯ ತವರಿನಿಂದ ಮೂರು ಸಲ ಕೇಳುವ ಹಕ್ಕಿದೆ. ಕುದುರೆಯಾಗಲಿ, ಬೇಟೆಯ ಹದ್ದಾಗಲಿ, ಗೋಡೆಯ ಮೇಲಿನ ಕಂಬಳಿಯಾಗಲಿ, ಅವನು ಬಾಯಿಬಿಟ್ಟು ಕೇಳಿದರೆ ಮಾವ ಕೊಡಲೇಬೇಕು. ಇವನು ಹನ್ನೆರಡು ವರ್ಷದವನಿದ್ದಾಗ ಒಂದು ಕುದುರೆಮರಿ ಕೇಳಿದ್ದ. ಎರಡನೆಯದನ್ನು ನಮ್ಮ ಮದುವೆಯಲ್ಲಿ ಕೇಳಿದ, ನನಗೋಸ್ಕರ, ದೊಡ್ಡಮಾವನ ಹೆಂಡತಿಯ ಹೊಲಿಗೆ ಯಂತ್ರ. ಆಯಮ್ಮ ಸಾಯುವ ತನಕ ನನ್ನನ್ನು ಯಂತ್ರದ ಕಳ್ಳಿ ಅಂತಲೇ ಕರೆಯುತ್ತಿದ್ದರು. ಯಂತ್ರ ಈಗಲೂ ಚೆನ್ನಾಗಿ ಓಡುತ್ತದೆ. ಮೂರನೆಯ ಕೇಳಿಕೆಯನ್ನು ಇವನು ಮೂವತ್ತು ವರ್ಷ ಹಾಗೇ ಇಟ್ಟುಕೊಂಡಿದ್ದ, ಎಂದಾದರೂ ದೊಡ್ಡಮಾವನ ಹತ್ತಿರ ಅಪ್ಪಟ ತಾಜಿ ಹುಟ್ಟಿದರೆ ಕೇಳೋಣ ಅಂತ.

"ತಾಜಿ ಸಾಕು," ಅಂದೆ. "ಗಡ್ಡದ್ದನ್ನ ಕೇಳು."

"ಅದು ಅವರ ಜೀವ ಕಣೇ."

"ನೀನು ನನ್ನ ಜೀವ. ಎಪ್ಪತ್ತೊಂಬತ್ತಾಯ್ತು ಅವರಿಗೆ, ಬಂದೂಕು ಕೆಳಗಿಡೋ ವಯಸ್ಸು. ಕೇಳ್ತೀಯೋ, ಇಲ್ಲ ನಾನೇ ಕೇಳ್ಲೋ?"

ಹೆಂಗಸು, ಅದರಲ್ಲೂ ಸೊಸೆ, ಹೀಗೆ ಕೇಳುವಂತಿಲ್ಲ ಅಂತ ಇಬ್ಬರಿಗೂ ಗೊತ್ತು. ಆದರೂ ನಾನು ಕೇಳಿಯೇನು ಅಂತ ಅವನಿಗೆ ಅನ್ನಿಸಿರಬೇಕು. ಅಕ್ಟೋಬರಿನ ಕೊನೆಯ ಶುಕ್ರವಾರ ಹೊರಟೆವು.

ದೊಡ್ಡಮಾವ ಗೇಟಿನ ಹತ್ತಿರ ನಿಂತಿದ್ದರು, ಸಕಾಲ್‌ನ ಹಗ್ಗ ಕೈಯಲ್ಲಿ. ನಮ್ಮ ಜೀಪು ನಿಲ್ಲುವ ಮೊದಲೇ ಕೂಗಿದರು:

"ಏ ಅಳಿಯ! ನಿನ್ನ ಗಾಡಿಯ ಕೆಮ್ಮು ಇನ್ನೂ ನಿಂತಿಲ್ವೇನೋ? ನಿಮ್ಮಿಬ್ಬರಲ್ಲಿ ಯಾರು ಮೊದಲು ಆಸ್ಪತ್ರೆಗೆ?"

"ಅದಕ್ಕೆ ಬಿಡಿಭಾಗ ಸಿಗುತ್ತೆ ಮಾವ, ನನಗೆ ಸಿಗಲ್ಲ."

ನಾನು ಹತ್ತಿರ ಹೋಗಿ ತಲೆಬಾಗಿದೆ. ನನ್ನ ಹಣೆಗೆ ಮುತ್ತಿಟ್ಟು, "ಸೊಸೆ ತೆಳ್ಳಗಾಗಿದ್ದಾಳೆ," ಅಂದರು. ಆ ವರ್ಷ ನಾನು ಹತ್ತು ಕಿಲೋ ಜಾಸ್ತಿಯಾಗಿದ್ದೆ, ಓತೆಗೆನ್ ದಿನಕ್ಕೆರಡು ಸಲ ಹಂಗಿಸುತ್ತಿದ್ದ. ಎಷ್ಟು ಖುಷಿಯಾಯಿತೆಂದರೆ, ಕೇಳಿದೆಯಾ ಎಂಬಂತೆ ಅವನ ಕಡೆ ನೋಡಿದೆ.

"ನಾಯಿಗೆ ಹಗ್ಗ ಯಾಕೆ ಮಾವ? ಓಡಿಹೋಗೋ ನಾಯಿ ಅಲ್ವಲ್ಲ," ಅಂದ ಓತೆಗೆನ್.

"ವಯಸ್ಸಾಯ್ತು ಅದಕ್ಕೆ, ಹುಚ್ಚಾಟ ಜಾಸ್ತಿ," ಅಂದರು. ಸಕಾಲ್ ಅವರ ಮೊಣಕಾಲಿಗೆ ಒತ್ತಿಕೊಂಡು, ಅವರು ನಡೆದರೆ ನಡೆದು, ನಿಂತರೆ ನಿಂತಿತ್ತು. ಹುಚ್ಚಾಟದ ಸುಳಿವೇ ಕಾಣಲಿಲ್ಲ. ನಾನು ಹೆಚ್ಚು ಯೋಚನೆ ಮಾಡಲಿಲ್ಲ.

ಪಕ್ಕದ ಮನೆಯಲ್ಲೇ ಅವರ ಮಗ ಸೊಸೆ. ಸೊಸೆ ಮೈರಾ ಅವತ್ತು ಊಟಕ್ಕೆ ಹಾಕಿ, "ನಾಳೆ ನೀವೂ ಬೇಟೆಗೆ ಹೋಗ್ತೀರಾ ಅಕ್ಕ? ಹುಚ್ಚೇನು ನಿಮಗೆ?" ಅಂದಳು. ಇವನ ಅಂಗಿ ಹಿಡಿಯೋಕೆ ಯಾರಾದರೂ ಬೇಕಲ್ಲ ಅಂದೆ.

ಬೆಳಗಾಗುತ್ತಿದ್ದಂತೆ ದೊಡ್ಡಮಾವನ ಜಾಗಕ್ಕೆ ಹೋದೆವು. ಮನೆಯಿಂದ ಮುನ್ನೂರು ಹೆಜ್ಜೆ, ಜೊಂಡಿನ ನಡುವೆ ಅವರೇ ಐವತ್ತು ವರ್ಷದ ಹಿಂದೆ ಬಡಿದಿಟ್ಟ ಮರದ ಬೆಂಚು. ಹಗ್ಗ ಹಿಡಿದು ಅವರೇ ಮುಂದೆ ನಡೆದರು, ನಾನು ಎರಡು ಸಲ ಎಡವಿದರೂ ಅವರು ಒಂದು ಸಲವೂ ಎಡವಲಿಲ್ಲ. ಬೆಂಚಿನ ಮೇಲೆ ಕೂತು ನಮಗೆ ಚಹಾ ಬಗ್ಗಿಸಿದರು. ಬಗ್ಗಿಸುವಾಗ ಬಟ್ಟಲಿನ ಒಳಗೆ ಹೆಬ್ಬೆರಳು ಇಟ್ಟುಕೊಂಡಿದ್ದರು, ಚಹಾ ಬೆರಳಿಗೆ ತಾಕಿದಾಗ ನಿಲ್ಲಿಸಿದರು. ಮುದುಕರ ಕೊಳಕು ಅಭ್ಯಾಸ ಅಂದುಕೊಂಡು ಮುಖ ಆಚೆ ಮಾಡಿ ಕುಡಿದೆ.

ಮೊದಲ ಹಿಂಡಿಗೆ ಓತೆಗೆನ್ ಎರಡು ಬಾತು ಕೆಡವಿದ. ಒಂದು ಹತ್ತಿರ, ಇನ್ನೊಂದು ತುಂಬಾ ಆಚೆ, ರಾತ್ರಿ ಕಟ್ಟಿದ ತೆಳು ಮಂಜುಗಡ್ಡೆಯ ಮಧ್ಯೆ. ನನ್ನ ಕೈ ತಾನಾಗಿ ಗಂಡನ ಅಂಗಿಗೆ ಹೋಯಿತು. ದೊಡ್ಡಮಾವ ಹಗ್ಗ ಬಿಚ್ಚಿ ಒಂದು ಮಾತು ಹೇಳಿದರು ಅಷ್ಟೆ. ಸಕಾಲ್ ನೀರಿಗೆ ಬಿತ್ತು. ಮಂಜುಗಡ್ಡೆ ಕರಕರ ಒಡೆಯುವುದು ನಮಗೆ ಕೇಳಿಸುತ್ತಿತ್ತು. ದೂರದ್ದನ್ನು ಮೊದಲು ತಂದಿತು, ಹತ್ತಿರದ್ದನ್ನು ಆಮೇಲೆ. ದಡಕ್ಕೆ ಬಂದು ಮೈ ಕೊಡವಿ, ಗಡ್ಡದಿಂದ ನೀರು ಸುರಿಸಿಕೊಂಡು, ಬಾತನ್ನು ದೊಡ್ಡಮಾವನ ಅಂಗೈಯಲ್ಲೇ ಇಟ್ಟಿತು. ಕಳೆದ ನವೆಂಬರಿನಲ್ಲಿ ಇದು ನಮ್ಮ ಹತ್ತಿರ ಇದ್ದಿದ್ದರೆ ಅಂತ ನನಗೆ ಅಳುವೇ ಬಂತು. ಈ ಕೊಳಕು ನಾಯಿ ನನಗೆ ಬೇಕು, ಇವತ್ತೇ ಬೇಕು ಅನ್ನಿಸಿತು.

ಆಮೇಲೆ ಸೂರ್ಯ ಹುಟ್ಟುವ ಕಡೆಯಿಂದ ಎರಡು ಚಕ್ರವಾಕ ಬಂದವು. ಸದ್ದಿಲ್ಲದೆ, ತಗ್ಗಿನಲ್ಲಿ, ರೆಕ್ಕೆಯ ಗಾಳಿ ಮಾತ್ರ ಕೇಳುವಂತೆ. ಅಷ್ಟು ದೊಡ್ಡ ಕಿತ್ತಳೆ ಬಣ್ಣದ ಹಕ್ಕಿಯನ್ನು ಅರ್ಧ ಮೈಲಿಯಿಂದ ಮಗುವೂ ಗುರುತು ಹಿಡಿಯುತ್ತದೆ. ಓತೆಗೆನ್ ಬಂದೂಕು ಕೆಳಗಿಳಿಸಿ, ನೋಡು ಅಂತ ನನಗೆ ಕಣ್ಣಿನಲ್ಲೇ ತೋರಿಸಿದ. ಅಷ್ಟರಲ್ಲಿ ದೊಡ್ಡಮಾವ ತಲೆ ವಾರೆ ಮಾಡಿ ಕಿವಿಗೊಟ್ಟು, ಎದ್ದು, ತಮ್ಮ ಬಂದೂಕೆತ್ತಿ ಹೊಡೆದರು.

ಒಂದು ಬಿತ್ತು.

ಸಕಾಲ್ ಹೋಯಿತು, ತಂದಿತು, ಅಂಗೈಯಲ್ಲಿಟ್ಟಿತು. ದೊಡ್ಡಮಾವ ನೀರಿನ ಕಡೆಗೇ ಮುಖ ಮಾಡಿಕೊಂಡು ಬೆರಳಿನಿಂದ ಹಕ್ಕಿಯ ಎದೆ ಒತ್ತಿ ನೋಡಿದರು.

"ಕೊಬ್ಬಿದೆ. ಒಳ್ಳೇ ಬಾತು," ಅಂದರು. "ನೋಡಿದೆಯೇನೋ, ಮುದುಕನ ಕೈ?"

ಹಗ್ಗ, ಜೀಪಿನ ಕೆಮ್ಮು, ಚಹಾದಲ್ಲಿ ಅದ್ದಿದ ಬೆರಳು, ನನ್ನ ಹತ್ತು ಕಿಲೋ, ಎಲ್ಲ ಒಟ್ಟಿಗೆ ನನ್ನ ತಲೆಗೆ ಇಳಿಯಿತು. ಓತೆಗೆನ್‌ನ ಮುಖ ಬಿಳಿಚಿಕೊಂಡಿತ್ತು. ಮದುವೆಯಾದಾಗಿನಿಂದ ಅವನ ಸುಳ್ಳು ನನಗೆ ಒಂದು ಕ್ಷಣದಲ್ಲಿ ಗೊತ್ತಾಗುತ್ತದೆ, ಅಷ್ಟು ಕೆಟ್ಟದಾಗಿ ಹೇಳುತ್ತಾನೆ. ಅವತ್ತು ಚೆನ್ನಾಗಿ ಹೇಳಿದ.

"ನೋಡಿದೆ ಮಾವ. ಗಂಡು ಬಾತು. ತಲೆ ಹಸಿರು ಮಿಂಚ್ತಾ ಇದೆ."

ಉಳಿದ ಚಕ್ರವಾಕ ಹೋಗಿರಲಿಲ್ಲ. ಒಂದು ಸುತ್ತು ಹಾಕಿ ನಮ್ಮ ತಲೆಯ ಮೇಲೆ ಬಂದು ಕೂಗಿತು. ಆ ಕೂಗನ್ನು ಇನ್ನೊಂದು ಹಕ್ಕಿಯದು ಅಂತ ಯಾರೂ ತಪ್ಪು ತಿಳಿಯಲಾರರು. ಜೊತೆ ಕಳೆದುಕೊಂಡದ್ದು ಬೇಗ ಬಿಟ್ಟುಹೋಗುವುದೂ ಇಲ್ಲ. ದೊಡ್ಡಮಾವನ ಬೆರಳು ಹಕ್ಕಿಯ ಎದೆಯ ಮೇಲೆ ಹಾಗೇ ನಿಂತಿತು. ಅದು ಮೂರು ಸುತ್ತು ಕೂಗುವ ತನಕ ಅವರು ಅಲುಗಲಿಲ್ಲ. ಆಮೇಲೆ ಹಕ್ಕಿಯನ್ನು ಬೆಂಚಿನ ಮೇಲೆ ಮೆಲ್ಲಗೆ ಮಲಗಿಸಿ, "ಗಾಳಿ ತಿರುಗ್ತು. ಇನ್ನು ಬರಲ್ಲ. ನಡೀರಿ," ಅಂದರು. ಗಾಳಿ ಏನೂ ತಿರುಗಿರಲಿಲ್ಲ.

ಊಟಕ್ಕೆ ಮೈರಾ ಕುರಿಮಾಂಸ ಬೇಯಿಸಿ ಅಗಲದ ಹಿಟ್ಟಿನ ಹಾಳೆಗಳ ಮೇಲೆ ಹರಡಿ ತಂದಳು. ಯಾರೂ ಸರಿಯಾಗಿ ತಿನ್ನಲಿಲ್ಲ. ಮೈರಾ ಚಹಾದ ನೀರು ತರಲು ಎದ್ದುಹೋದ ಮೇಲೆ ದೊಡ್ಡಮಾವ ಕೈ ಒರೆಸಿಕೊಂಡರು. ಪಕ್ಕದಲ್ಲಿ ಸುತ್ತಿಟ್ಟಿದ್ದ ಹಗ್ಗವನ್ನು ತಡವಿ ಎತ್ತಿ ನಮ್ಮ ಮುಂದೆ ಇಟ್ಟರು.

"ಕೇಳೋ ಅಳಿಯ. ಅದಕ್ಕೇ ಬಂದಿದ್ದೀಯ. ನಿನಗೆ ಕಾಯಿಲೆ ಆದಾಗ್ಲೇ ಅಂದ್ಕೊಂಡೆ, ಬರ್ತಾನೆ ಅಂತ."

ನನ್ನ ಬಗ್ಗೆ ನಾನು ನಿಜವನ್ನೇ ಹೇಳುತ್ತೇನೆ. ಕೇಳಬೇಡ, ಕೇಳಬೇಡ ಅಂತ ಮನಸ್ಸು ಬಡಿದುಕೊಳ್ಳುತ್ತಿತ್ತು. ಅದರ ಪಕ್ಕದಲ್ಲೇ, ಕೇಳಿಬಿಡಲಿ, ಅವರೇ ಹಗ್ಗ ಇಟ್ಟಿದ್ದಾರಲ್ಲ, ಅವರಿಗೆ ಮಗ ಸೊಸೆ ಇದ್ದಾರೆ, ನನಗೆ ಇರುವುದು ಇವನೊಬ್ಬ ಅಂತಲೂ ಇತ್ತು. ನಾಚಿಕೆಯಾಗುತ್ತದೆ, ಆದರೆ ಇತ್ತು. ತಟ್ಟೆ ನೋಡುತ್ತಾ ಕೂತೆ.

"ಮೂರನೆಯದು ಕೇಳ್ತೀನಿ ಮಾವ," ಅಂದ ಓತೆಗೆನ್. "ಕೊಡ್ತೀರಾ?"

"ಕೊಡಲ್ಲ ಅಂದೋರು ನಮ್ಮ ವಂಶದಲ್ಲಿ ಇಲ್ಲ."

"ನಿಮ್ಮ ಬಂದೂಕು ಕೊಡಿ."

ಹೊರಗೆ ಮೈರಾ ಕೋಳಿಗಳನ್ನು ಬೈಯುತ್ತಿದ್ದಳು. ದೊಡ್ಡಮಾವನ ಮುಖ ಹಗ್ಗದ ಕಡೆಯಿಂದ ಇವನ ಧ್ವನಿ ಬಂದ ಕಡೆಗೆ ನಿಧಾನವಾಗಿ ತಿರುಗಿತು. ಕಣ್ಣು ಇವನ ಕಿವಿಯ ಹತ್ತಿರ ಎಲ್ಲೋ ನಿಂತಿತು.

"ಮೂವತ್ತು ವರ್ಷ ಇಟ್ಕೊಂಡಿದ್ದೆಯಲ್ಲೋ ಆ ಕೇಳಿಕೆನ. ತುಕ್ಕು ಹಿಡಿದ ಬಂದೂಕು ಕೇಳ್ತೀಯಾ, ಹಾಳಾದವನೆ?"

"ಹಳೇ ಬಂದೂಕು ಅಂದ್ರೆ ನನಗೆ ಆಸೆ ಮಾವ."

"ಸುಳ್ಳ."

"ಹೌದು ಮಾವ."

ಅವರು ತುಂಬ ಹೊತ್ತು ಗಡ್ಡ ಸವರಿಕೊಂಡರು. ಆಮೇಲೆ ಎದ್ದು, ನಾಲ್ಕು ಹೆಜ್ಜೆ ನಡೆದು, ಕೈ ಎತ್ತಿದ ಕಡೆಯೇ ಇದ್ದ ಮೊಳೆಯಿಂದ ಬಂದೂಕನ್ನು ಇಳಿಸಿ ಎರಡೂ ಕೈಯಲ್ಲಿ ಕೊಟ್ಟರು. ಓತೆಗೆನ್ ಎದ್ದುನಿಂತು ತೆಗೆದುಕೊಂಡ. ಮೈರಾ ಒಳಗೆ ಬಂದು ನೋಡಿ, "ಅಯ್ಯೋ, ನಾಯಿ ಕೇಳ್ತಾರೆ ಅಂದ್ಕೊಂಡಿದ್ದೆ," ಅಂದಳು. ಕಣ್ಣಿನ ಮಾತು ಯಾರೂ ಎತ್ತಲಿಲ್ಲ.

ಹೊರಡುವ ಮೊದಲು ಓತೆಗೆನ್ ಬೆಂಚಿನ ಹತ್ತಿರ ಹೋಗಿ ಚಕ್ರವಾಕವನ್ನು ಜೊಂಡಿನ ಬುಡದಲ್ಲಿ ಹೂತುಬಂದ. ನಾನು ಜೀಪಿನ ಪಕ್ಕ ನಿಂತಿದ್ದೆ. ಬಂದೂಕು ಹಿಂದಿನ ಸೀಟಿನಲ್ಲಿ ಮಲಗಿತ್ತು, ನಾಯಿ ಇಲ್ಲದೆ ಮನೆಗೆ ಹೋಗುತ್ತಿದ್ದೆವು, ನವೆಂಬರಿಗೆ ಮೂರೇ ದಿನ. ಗಂಡನ ಮೇಲೆ ಅಷ್ಟು ಸಿಟ್ಟೂ, ಅಷ್ಟು ಪ್ರೀತಿಯೂ ಒಂದೇ ದಿನ ಬಂದದ್ದು ನನಗೆ ನೆನಪಿಲ್ಲ. ದೊಡ್ಡಮಾವ ಸಕಾಲ್‌ನ ಹಗ್ಗ ಹಿಡಿದು ಗೇಟಿನ ತನಕ ಬಂದರು.

"ಅಳಿಯ, ನನ್ನ ಬಂದೂಕು ಹೊತ್ಕೊಂಡು ಹೋಗ್ತಾ ಇದ್ದೀಯ, ಸರಿ. ಈ ಗಡ್ಡದವನಿಗೆ ಯಾರು ಕೆಲಸ ಕೊಡ್ತಾರೆ? ನೀರಿಗೆ ಇಳೀದಿದ್ರೆ ಒಂದೇ ಚಳಿಗಾಲದಲ್ಲಿ ಹಾಳಾಗ್ತಾನೆ."

ಓತೆಗೆನ್ ಬಗ್ಗಿ ಸಕಾಲ್‌ನ ತಲೆ ಸವರಿದ.

"ಶನಿವಾರ ಶನಿವಾರ ಬಾ. ಬಾತು ನೀನು ಹೊಡಿ, ಇವನು ತರ್ಲಿ. ನಾನು ಬೆಂಚಿನ ಮೇಲೆ ಕೂತ್ಕೋತೀನಿ. ಬೇರೆ ದಿನ, ಬೇರೆ ಕಡೆ, ಬಂದೂಕು ಮುಟ್ಟಂಗಿಲ್ಲ. ನನಗೆ ಮಾತು ಕೊಡು."

"ಕೊಟ್ಟೆ ಮಾವ."

"ನೀರಿಗೆ ಇಳಿದ್ರೆ ನನಗೆ ಸದ್ದಿನಲ್ಲೇ ಗೊತ್ತಾಗುತ್ತೆ," ಅಂದರು. ಆಮೇಲೆ ನಾನು ನಿಂತ ಕಡೆಗೆ ಮುಖ ತಿರುಗಿಸಿ ಕೇಳಿದರು:

"ಸೊಸೆ, ನಿಜ ಹೇಳು. ನೀನು ತೆಳ್ಳಗಾಗಿದ್ದೀಯಾ?"

ನಾನು ಅವರ ಹತ್ತಿರ ಹೋಗಿ ನಿಂತೆ.

"ಇಲ್ಲ ಮಾವ. ಹತ್ತು ಕಿಲೋ ಜಾಸ್ತಿಯಾಗಿದ್ದೀನಿ."

"ಹಾಗೆ ಹೇಳು," ಅಂದರು ದೊಡ್ಡಮಾವ. ಬೆಳಗಿನಿಂದ ಮೊದಲ ಸಲ ನಕ್ಕರು. ಹಗ್ಗವನ್ನು ಒಂದು ಸಲ ಮೆಲ್ಲಗೆ ಜಗ್ಗಿದರು, ಸಕಾಲ್ ತಿರುಗಿ ಅವರನ್ನು ಮನೆಯೊಳಗೆ ಕರೆದುಕೊಂಡು ಹೋಯಿತು.